ಅಲ್ಲಾಡಿಸಿ ನೋಡು ಗೆಳೆಯಾ

ಪ್ರೀತಿಯ ಗೆಳೆಯಾ,

ಸೀಟು ಸಿಕ್ಕ ಸುದ್ದಿ ನಿಮ್ಮಪ್ಪನಿಂದಲೇ ಗೊತ್ತಾಯಿತು. ಅವರ ದನಿಯಲ್ಲಿ ಖುಷಿ ಇತ್ತು ನಿಜ. ಆದರೆ ಕೊಬ್ಬರಿ ಲೆಕ್ಕ ಇನ್ನು ಯಾರು ಬರೆಯುತ್ತಾರೆ ಅನ್ನೋ ಚಿಂತೆ ಅದಕ್ಕಿಂತ ಜಾಸ್ತಿ ಇತ್ತು! ಪಿಯುಸಿ ಮುಗಿಸಿ ಎರಡು ವರ್ಷ ತಿಪಟೂರಿನ ಮಂಡಿ ಸುತ್ತಿದವನು ಮತ್ತೆ ಸಿಇಟಿ ಬರೆದು ಇಂಜಿನಿಯರಿಂಗ್ ಸೇರೋದು ಸುಮ್ನೆ ಮಾತಲ್ಲ ಬಿಡು.

"ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಕ್ಲಾಸಲ್ಲಿ ಕೂತು ಎರಡು ವರ್ಷ ಆಯ್ತು, ಹೇಗೋ ಓದೋದು?" ಅಂತ ಮೆಸೇಜ್ ಹಾಕಿದ್ದೆಯಲ್ಲ, ಅದಕ್ಕೆ ಈ ಪತ್ರ. ನಮ್ಮ ಕಡೆಯಿಂದ ಈ ವರ್ಷ ಸೇರಿರುವ ಬೇರೆ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೈಬೇಡ.

ಮೊದಲು ನನ್ನ ಮರ್ಯಾದೆ ಹೋದ ಕಥೆ ಕೇಳು. ಫಸ್ಟ್ ಸೆಮ್, ಮೊದಲ ಇಂಟರ್ನಲ್ಸ್ (ಸೆಮ್ ನಡುವೆ ಕಾಲೇಜೇ ನಡೆಸೋ ಪರೀಕ್ಷೆ), ಮ್ಯಾಥ್ಸ್. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕೂತು ನೋಟ್ಸನ್ನು ಮೂರು ಸಲ ಓದಿದ್ದೆ. ಹಳದಿ ಹೈಲೈಟರ್ ಬೇರೆ ಎಳೆದಿದ್ದೆ. ಯಾವ ಸಾಲು ನೋಡಿದರೂ "ಹೂಂ, ಗೊತ್ತು" ಅನಿಸುತ್ತಿತ್ತು. ಬೆಳಿಗ್ಗೆ ಪೇಪರ್ ಕೈಗೆ ಬಂತು. ನೋಡಿದರೆ ಅದೇ ಪೋಲಾರ್ ಕರ್ವ್ಸ್ ಲೆಕ್ಕ, ಎರಡು ಕರ್ವ್‌ಗಳ ನಡುವಿನ ಕೋನ ಕಂಡುಹಿಡಿಯೋದು. ಎರಡೂ ಕಡೆ ಲಾಗ್ ತಗೊಂಡೆ. ಡಿಫರೆನ್ಷಿಯೇಟ್ ಮಾಡಿದೆ. ಮುಂದೇನು? ನೋಟ್ಸಿನ ಆ ಪುಟ ಕಣ್ಣ ಮುಂದೆ ಬರುತ್ತಿದೆ, ಹಳದಿ ಗೆರೆಯೂ ಕಾಣುತ್ತಿದೆ, ಗೆರೆಯ ಕೆಳಗೆ ಏನಿತ್ತು ಅನ್ನೋದು ಮಾತ್ರ ಇಲ್ಲ. 25ಕ್ಕೆ ಎಷ್ಟು ಬಂತು ಅಂತ ಇಲ್ಲಿ ಬರೆಯಲ್ಲ. ಹತ್ತು ದಾಟಲಿಲ್ಲ ಅಂತ ತಿಳ್ಕೋ.

ನಿಮ್ಮ ಅಟ್ಟದ ಮೇಲಿನ ಕಾಯಿ ನೆನಪಿಸಿಕೋ. ಹತ್ತು ಹನ್ನೆರಡು ತಿಂಗಳು ಬಿಟ್ಟಿದ್ದೀವಿ, ಒಣಗಿರುತ್ತೆ ಅಂತ ಸುಮ್ಮನೆ ಇರ್ತೀಯಾ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀಯ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಸದ್ದು ಮಾಡಿದರೆ ಸರಿ, ಇಲ್ಲ ಅಂದರೆ ವಾಪಸ್ ಅಟ್ಟಕ್ಕೆ. ನಾನು ಮಾಡದೆ ಬಿಟ್ಟಿದ್ದು ಅದನ್ನೇ. ನೋಟ್ಸ್ ಓದಿದೆ, ತಲೆಯನ್ನು ಒಂದು ಸಲವೂ ಅಲ್ಲಾಡಿಸಿ ನೋಡಲಿಲ್ಲ.

ಇದು ನನ್ನೊಬ್ಬನ ಪಾಡಲ್ಲವಂತೆ. 2006ರಲ್ಲಿ ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ಮೂರು ಸಲ ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಓದಿದವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ಮಜಾ ಏನು ಗೊತ್ತಾ? ನಮಗೆ ಚೆನ್ನಾಗಿ ನೆನಪಿರುತ್ತೆ ಅಂತ ಜಾಸ್ತಿ ನಂಬಿದ್ದು ನಾಲ್ಕು ಸಲ ಓದಿದವರೇ!

ಹಾಗಾಗಿ ನೀನು ಒಂದು ಕೆಲಸ ಮಾಡು. ದಿನಾ ಸಂಜೆ ಕಾಲೇಜಿಂದ ಬಂದು ಟೀ ಕುಡಿದ ಮೇಲೆ, ಅವತ್ತಿನ ನೋಟ್ಸ್ ಮುಚ್ಚಿಟ್ಟು, ರಫ್ ಹಾಳೆ ತಗೊಂಡು ನೆನಪಿದ್ದದ್ದನ್ನು ಬರೆ. ಮೊದಲ ವಾರ ಅರ್ಧ ಪುಟವೂ ತುಂಬಲ್ಲ, ಬೇಜಾರಾಗುತ್ತೆ. ಆಗಲಿ. ಆಮೇಲೆ ನೋಟ್ಸ್ ತೆಗೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ಸೇರಿಸು. ಭಾನುವಾರ ಆ ಕೆಂಪು ಭಾಗವನ್ನಷ್ಟೇ ಮತ್ತೆ ನೋಡದೆ ಬರೆ. ಲೆಕ್ಕದಲ್ಲೂ ಅಷ್ಟೇ, ಬಿಡಿಸಿಟ್ಟ ಲೆಕ್ಕವನ್ನು ಓದಬೇಡ, ಉತ್ತರದ ಮೇಲೆ ಹಾಳೆ ಮುಚ್ಚಿ ನೀನೇ ಬಿಡಿಸು. ಮುಕ್ಕಾಲು ಗಂಟೆ ಸಾಕು. ಫೋನ್ ಮಾತ್ರ ಪಕ್ಕದ ರೂಮಲ್ಲಿರಲಿ.

ಇಂಗ್ಲಿಷ್ ಭಯ ಅಂದೆಯಲ್ಲ. ಅರ್ಥ ಮಾಡಿಕೊಳ್ಳೋದು ಕನ್ನಡದಲ್ಲೇ ಇರಲಿ, ತಪ್ಪೇನಿಲ್ಲ. ಮೊಮೆಂಟ್ ಆಫ್ ಫೋರ್ಸ್ ಪಾಠ ಬಂದಾಗ ನನ್ನ ಪಕ್ಕದವನು ಡೆಫಿನಿಷನ್ ಉರು ಹೊಡೆಯುತ್ತಿದ್ದ. ನನಗೆ ತೋಟದಲ್ಲಿ ಹಾರೆ ಹಾಕಿ ಕಲ್ಲು ಮೀಟಿದ್ದು ನೆನಪಾಯಿತು. ಹಾರೆಯ ತುದಿ ಹಿಡಿದರೆ ಕಲ್ಲು ಸಲೀಸಾಗಿ ಏಳುತ್ತೆ, ನಡುವೆ ಹಿಡಿದರೆ ಬೆನ್ನು ಮುರಿಯುತ್ತೆ. ಬಲ ಇಂಟು ದೂರ, ಮುಗೀತು. ಉತ್ತರ ಮಾತ್ರ ಇಂಗ್ಲಿಷಲ್ಲೇ ಬರೆದು ರೂಢಿ ಮಾಡಿಕೋ, ಚಿಕ್ಕ ಚಿಕ್ಕ ವಾಕ್ಯ ಸಾಕು. ಕ್ಲಾಸಲ್ಲಿ ಗೊತ್ತಾಗದಿದ್ದರೆ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಕೇಳು. ಹೆಚ್ಚಿನ ಲೆಕ್ಚರರ್‌ಗಳು ಹೇಳಿಕೊಡ್ತಾರೆ. ಮೂರು ತಿಂಗಳು ನಾಚಿಕೊಂಡು ಬಾಗಿಲಲ್ಲೇ ನಿಂತು ವಾಪಸ್ ಬಂದವನು ನಾನು, ನೀನು ಹಾಗೆ ಮಾಡಬೇಡ.

ಇನ್ನು ಸೀನಿಯರ್‌ಗಳು "ಪಾಸಿಂಗ್ ಪ್ಯಾಕೇಜ್" ಅಂತ ಬರ್ತಾರೆ. ನಮ್ಮ ಯೂನಿವರ್ಸಿಟಿ ವಿಟಿಯು ಪೇಪರಲ್ಲಿ ಐದು ಮಾಡ್ಯೂಲ್ (ಪಾಠದ ಭಾಗ), ಒಂದೊಂದರಿಂದ ಎರಡು ಪ್ರಶ್ನೆ, ಒಂದು ಬರೆದರೆ ಸಾಕು, 20 ಅಂಕ. ಅದಕ್ಕೇ ಎರಡು ಮಾಡ್ಯೂಲ್ ಓದಿದರೆ ಪಾಸು ಅನ್ನೋ ಲೆಕ್ಕ. ಮಂಡಿಯಲ್ಲಿ ಲೆಕ್ಕ ಬರೆದವನು ನೀನು, ನೋಡು. ನಾನು ಓದಿದ 2022ರ ಸ್ಕೀಮ್‌ನಲ್ಲಿ (ಅಂದರೆ ಆ ವರ್ಷದ ಪಠ್ಯಕ್ರಮ, ಅಂಕದ ನಿಯಮ) ಇಂಟರ್ನಲ್ಸ್‌ಗೆ 50ಕ್ಕೆ ಕನಿಷ್ಠ 20 ಬೇಕು. ಸೆಮ್ ಕೊನೆಯ ಪರೀಕ್ಷೆ 100ಕ್ಕೆ, ಕನಿಷ್ಠ 35, ಅದನ್ನು 50ಕ್ಕೆ ಇಳಿಸ್ತಾರೆ. 35 ಅಂದರೆ 18 ಅಂತ ಇಟ್ಕೋ. 20ಕ್ಕೆ 18 ಸೇರಿದರೆ 38. ಆದರೆ ಒಟ್ಟು 40 ಇರಲೇಬೇಕು! ಎರಡರಲ್ಲೂ ಗೆದ್ದು ಒಟ್ಟಿನಲ್ಲಿ ಬಿದ್ದವರನ್ನು ಕಣ್ಣಾರೆ ಕಂಡಿದ್ದೇನೆ. ಇಂಟರ್ನಲ್ಸಲ್ಲಿ 40 ದಾಟಿಸಿಟ್ಟುಕೊಂಡರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುತ್ತೆ. ನಿನ್ನ ಸ್ಕೀಮ್ ಬೇರೆ ಇದ್ದರೆ ನಿಯಮವನ್ನು ಮೊದಲ ವಾರವೇ ಓದಿಬಿಡು. ಹಾಜರಿ 85% ಕೇಳ್ತಾರೆ, ಅದರ ಜೊತೆ ಆಟ ಬೇಡ.

ಶನಿವಾರ ರಾತ್ರಿ ಎಂಟಕ್ಕೆ ಫೋನ್ ಮಾಡು. ಆ ವಾರ ಕಲಿತದ್ದರಲ್ಲಿ ಒಂದನ್ನು, ಪುಸ್ತಕ ನೋಡದೆ, ನನಗೆ ಕನ್ನಡದಲ್ಲಿ ಹೇಳಿಕೊಡಬೇಕು. ಫೈನಲ್ ಇಯರ್ ಅಂತ ಹೆಸರೇ ಹೊರತು ಆ ಪೋಲಾರ್ ಕರ್ವ್ಸ್ ನನಗೆ ಮತ್ತೆ ಮರೆತುಹೋಗಿದೆ. ಅದರಿಂದಲೇ ಶುರು ಮಾಡು. ಹಾಂ, ದಸರಾ ರಜೆಗೆ ಊರಿಗೆ ಹೋದರೆ ನಿಮ್ಮಮ್ಮನ ಕೊಬ್ಬರಿ ಮಿಠಾಯಿ ನನ್ನ ಪಾಲಿಂದು ಬೇರೆ ಕಟ್ಟಿಸಿಕೊಂಡು ಬಾ. ಹಾಸ್ಟೆಲ್ ಬಾಗಿಲು ದಾಟಿದ ಮೇಲೆ ಅದು ಉಳಿಯಲ್ಲ.

ನಿನ್ನ,
ಫೇಲಾಗಿ ಉಳಿದಿದ್ದ ಒಂದು ಮ್ಯಾಥ್ಸ್ ಬ್ಯಾಕ್ ಪಾಸು ಮಾಡಿ ಮೇಲೆ ಬಂದ ಗೆಳೆಯ