ಕೆಲ್ಸ ಹುಡ್ಕೋಕೂ ಒಂದು ಲೆಕ್ಕದ ಪುಸ್ತಕ

ಸಂಪಾದಕರೇ,

ಡಿಗ್ರಿ ಮುಗಿಸಿದ ಮಗಳ ಜೊತೆ ನಾಲ್ಕು ತಿಂಗ್ಳಿಂದ ನಾನೂ ಕೆಲ್ಸ ಹುಡುಕ್ತಾ ಇದೀನಿ, ಅದಕ್ಕೇ ಈ ಪತ್ರ. ಮೊದ್ಲು ಅವ್ಳು ಸಿಕ್ಕಸಿಕ್ಕಲ್ಲಿಗೆಲ್ಲ ಒಂದೇ ರೆಸ್ಯೂಮ್ ಕಳಿಸ್ತಿದ್ಲು, ಯಾವ್ದಕ್ಕೆ ಹಾಕಿದೀನಿ ಅನ್ನೋದೇ ನೆನಪಿರ್ತಿರ್ಲಿಲ್ಲ. ಜುಲೈಲಿ ಒಂದಿನ ಮೈಸೂರಿಂದ ಫೋನ್ ಬಂತು, ಹೊರಗೆ ಜಡಿಮಳೆ, ಕರೆಂಟಿಲ್ಲ, ಟವರ್ ಒಂದೇ ಕಡ್ಡಿ, ಇವ್ಳು ಛತ್ರಿ ಹಿಡ್ಕೊಂಡು ಕಾಫಿ ಕಣದ ಮೂಲೆಗೆ ಓಡಿಹೋಗಿ "ಸಾರ್, ಯಾವ ಕಂಪ್ನಿ?" ಅಂತ ಕೇಳಿದ್ಲು ನೋಡಿ, ಅಲ್ಲಿಗೆ ಮುಗೀತು.

ಆಮೇಲೆ ತೋಟದ ಆಳುಗಳ ಲೆಕ್ಕ ಬರಿಯೋ ಪುಸ್ತಕದ ಹಿಂದಿನ ಹಾಳೇಲಿ ಗೆರೆ ಎಳ್ದು ಕೊಟ್ಟೆ. ಕಂಪ್ನಿ ಹೆಸ್ರು, ಅರ್ಜಿ ಹಾಕಿದ ದಿನ, ಯಾರು ಮಾತಾಡಿದ್ರು, ಮತ್ತೆ ಯಾವಾಗ ವಿಚಾರಿಸ್ಬೇಕು, ಅಷ್ಟೇ. ಈಗ ವಾರಕ್ಕೆ ಐದೇ ಅರ್ಜಿ, ಆದ್ರೆ ಪ್ರತಿಯೊಂದಕ್ಕೂ ರೆಸ್ಯೂಮ್ ತಿದ್ದಿ ಕಳಿಸ್ತಾಳೆ, ಎರಡು ಇಂಟರ್ವ್ಯೂ ಬಂದಿವೆ.

ಕೇಂದ್ರದ ಎನ್‌ಸಿಎಸ್ (ನ್ಯಾಷನಲ್ ಕೆರಿಯರ್ ಸರ್ವಿಸ್) ಅನ್ನೋ ಕೆಲ್ಸ ಹುಡ್ಕೋ ಪೋರ್ಟಲ್ 2015ರಿಂದ ಇದೆ, ಉದ್ಯೋಗಾಕಾಂಕ್ಷಿಗಳಿಗೆ ಫ್ರೀ, ನಮ್ಮೂರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ರಿಜಿಸ್ಟ್ರೇಷನ್ ಫೀಸ್ ಅಂತ ಇವ್ಳ ಹತ್ರಾನೂ ಒಬ್ಬ ವಾಟ್ಸಾಪಲ್ಲಿ ಎರಡು ಸಾವ್ರ ಕೇಳಿದ್ದ. ದುಡ್ಡು ಕೇಳಿದ್ರೆ ಅದು ಕೆಲ್ಸ ಅಲ್ಲ, ಕಳ್ಕೊಂಡೋರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಕೊಡಗಿಗೆ ರೈಲಿಲ್ಲ, ಬೆಂಗ್ಳೂರಿಗೆ ಇಂಟರ್ವ್ಯೂ ಅಂದ್ರೆ ರಾತ್ರಿ ಬಸ್ಸು. ಹಾಗಾಗಿ ಕಂಪ್ನಿಯವ್ರು ಮೊದಲ ರೌಂಡನ್ನ ವಿಡಿಯೋ ಕಾಲಲ್ಲೇ ಮಾಡ್ಲಿ, ಜಿಲ್ಲಾಡಳಿತದವ್ರು ಉದ್ಯೋಗ ಮೇಳವನ್ನ ಪೊನ್ನಂಪೇಟೆ, ಸೋಮವಾರಪೇಟೆ ಕಡೇನೂ ಇಡ್ಲಿ, ದಯವಿಟ್ಟು ಮಳೆಗಾಲ ಬಿಟ್ಟು.

ಇಂತಿ,
ಒಬ್ಬ ತಂದೆ, ಗೋಣಿಕೊಪ್ಪಲು