ಫ್ರಿಜ್ ಕೀ ಇಲ್ಲ ಅಂತ ಮಗು ರಾತ್ರಿಯೆಲ್ಲಾ ನರಳಬೇಕಾ?

ಮಾನ್ಯ ಸಂಪಾದಕರೇ,

ಜಿಲ್ಲೆಯಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಔಷಧಿಗೆ ಕೊರತೆ ಇಲ್ಲ ಅಂತ ಸೋಮವಾರ ನಿಮ್ಮ ಪೇಪರಲ್ಲಿ ಬಂದ ವರದಿ ಓದಿ ಮೈ ಉರಿದು ಹೋಯ್ತು, ಯಾಕಂದ್ರೆ ಅದರ ಹಿಂದಿನ ರಾತ್ರಿ ನಾನು ಹನ್ನೊಂದು ವರ್ಷದ ಮಗನ್ನ ಎತ್ಕೊಂಡು ಅದೇ ಔಷಧಿಗೆ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದೆ. ಕೊರತೆ ಇರ್ಲಿಲ್ಲ, ಅದು ನಿಜ. ಫ್ಯಾಕ್ಟರ್, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಆ ಔಷಧಿ, ಫ್ರಿಜ್ಜಲ್ಲೇ ಇತ್ತಂತೆ. ಫ್ರಿಜ್ಜಿಗೆ ಬೀಗ, ಕೀ ಇಟ್ಕೊಂಡೋರು ಊರಿಗೆ ಹೋಗಿದ್ರು. "ನಾಳೆ ಹತ್ತೂವರೆಗೆ ಬನ್ನಿ ಅಮ್ಮ" ಅಂದ್ರು.

ಹತ್ತೂವರೆ! ಮಂಡಿಯೊಳಗೆ ಸೋರೋ ರಕ್ತ ಆಫೀಸ್ ತೆಗೆಯೋ ತನಕ ನಿಂತ್ಕೊಳ್ಳುತ್ತಾ? ನಮ್ಮ ಹುಡುಗನ ರಕ್ತದಲ್ಲಿ ಹೆಪ್ಪುಗಟ್ಟಕ್ಕೆ ಬೇಕಾದ ಫ್ಯಾಕ್ಟರ್ 8 ಅನ್ನೋ ಅಂಶ ಒಂದು ಪರ್ಸೆಂಟೂ ಇಲ್ಲ, ಸಿವಿಯರ್ ಅಂತಾರೆ ಇದಕ್ಕೆ. ಬೀಳಬೇಕು, ಏಟಾಗಬೇಕು ಅಂತೇನಿಲ್ಲ, ಮಲಗಿದ್ದೋನಿಗೆ ಮಂಡಿಯೊಳಗೆ ಜುಮ್ ಅನ್ನುತ್ತೆ, "ಅಮ್ಮ ಬ್ಲೀಡ್ ಶುರುವಾಯ್ತು" ಅಂತ ಅವನೇ ಎಬ್ಬಿಸ್ತಾನೆ, ಒಂದೆರಡು ಗಂಟೆಯೊಳಗೆ ಫ್ಯಾಕ್ಟರ್ ಹಾಕಿಸಿದ್ರೆ ಬೇಗ ಚೇತರಿಸ್ಕೊಳ್ತಾನೆ, ತಡವಾದ್ರೆ ಮಂಡಿ ತೆಂಗಿನಕಾಯಿ ಹಂಗೆ ಊದ್ಕೊಂಡು ಹದಿನೈದು ದಿನ ಹಾಸಿಗೆ. ಪದೇಪದೇ ಹಿಂಗಾದ್ರೆ ಕೀಲು ಸವೆದು ಕಾಲು ಮಡಚಿದ್ದು ಮಡಚಿದಂಗೇ ಉಳಿಯುತ್ತೆ. ಇದನ್ನ ನನಗೆ ಯಾವ ಡಾಕ್ಟ್ರೂ ಹೇಳಬೇಕಾಗಿಲ್ಲ, ನಮ್ಮಣ್ಣನ್ನ ನೋಡಿದೀನಿ. ಅವನು ಚಿಕ್ಕೋನಿದ್ದಾಗ ನಮ್ಮೂರ ಕಡೆ ಫ್ಯಾಕ್ಟರ್ ಅನ್ನೋ ಹೆಸರೇ ಯಾರೂ ಕೇಳಿರ್ಲಿಲ್ಲ, ಅವ್ವ ಪಾಪ ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡ್ತಿದ್ಲು, ಶಾಖ ಕೊಟ್ರೆ ರಕ್ತ ಇನ್ನೂ ಜಾಸ್ತಿ ಆಗುತ್ತೆ, ಐಸ್ ಇಡಬೇಕು ಅಂತ ಅವಳಿಗೆ ಹೇಳೋರೇ ಇರ್ಲಿಲ್ಲ. ಈಗ ಅಣ್ಣ ಒಂದು ಕೈ ಮಂಡಿ ಮೇಲೆ ಊರ್ಕೊಂಡೇ ನಡೀತಾನೆ. ಔಷಧಿ ಇಲ್ಲದ ಕಾಲದಲ್ಲಿ ಅವನಿಗೆ ಹಂಗಾಯ್ತು, ಔಷಧಿ ಇದ್ದೂ ನನ್ನ ಮಗನಿಗೂ ಹಂಗೇ ಆಗಬೇಕಾ?

ಇಷ್ಟು ಸಾಲದು ಅಂತ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ತಂದು ಸೊಂಟಕ್ಕೆ ಚುಚ್ಚಕ್ಕೆ ಬಂದ್ರು! ಹಿಮೋಫಿಲಿಯಾ ಇರೋರಿಗೆ ಮಾಂಸಕ್ಕೆ ಇಂಜೆಕ್ಷನ್ ಕೊಡಬಾರದು, ಒಳಗೇ ರಕ್ತ ಕಟ್ಟುತ್ತೆ, ಆ ಮಾತ್ರೆ ಇಂಜೆಕ್ಷನ್ನಿಂದ ಬ್ಲೀಡಿಂಗ್ ಇನ್ನೂ ಹೆಚ್ಚಾಗುತ್ತೆ, ಬರೀ ಪ್ಯಾರಾಸಿಟಮಾಲ್ ಕೊಡಿ ಅಂತ ನಾನು ಕೈ ಅಡ್ಡ ಹಿಡಿದೆ. "ನೀವೇನು ಡಾಕ್ಟ್ರಾ?" ಅಂತ ಕೇಳಿದ್ರು. ಅಲ್ಲ ಸ್ವಾಮಿ, ತಾಯಿ.

ಆಮೇಲೆ ಬಾಡಿಗೆ ಕಾರು, ಎರಡೂವರೆ ಸಾವಿರ, ದುರ್ಗದಿಂದ ದಾವಣಗೆರೆಗೆ ಅರವತ್ತು ಕಿಲೋಮೀಟರ್. ಹೈವೇ ಪರವಾಗಿಲ್ಲ, ನಮ್ಮ ಬಡಾವಣೆ ದಾಟೋಷ್ಟರಲ್ಲೇ ಏಳು ಹಂಪು, ಲೆಕ್ಕ ಇಲ್ಲ ಅಳತೆ ಇಲ್ಲ, ಯಾರ ಮನೆ ಮುಂದೆ ಬೇಕೋ ಅಲ್ಲಿ ಹಾಕಿದಾರೆ, ಒಂದೊಂದಕ್ಕೂ ಹುಡುಗ ಕಿರುಚ್ತಿದ್ದ, ಭರಮಸಾಗರ ಬರೋಷ್ಟೊತ್ತಿಗೆ ಕಿರುಚಕ್ಕೂ ಶಕ್ತಿ ಇರ್ಲಿಲ್ಲ. ದಾವಣಗೆರೇಲಿ ಸಿಸ್ಟರ್ ಒಬ್ರು ಹತ್ತೇ ನಿಮಿಷದಲ್ಲಿ ನರ ಹುಡುಕಿ ಎರಡು ವಯಲ್ (ಸಣ್ಣ ಬಾಟ್ಲಿ) ಫ್ಯಾಕ್ಟರ್ ಹಾಕಿದ್ರು, ಅವರ ಹೊಟ್ಟೆ ತಣ್ಣಗಿರ್ಲಿ. ಡಾ. ಸುರೇಶ್ ಹನಗವಾಡಿ ಅವರು ತಮಗೇ ಈ ಕಾಯಿಲೆ ಇದ್ದೂ ಅಲ್ಲಿ ಹಿಮೋಫಿಲಿಯಾ ಸೊಸೈಟಿ ಕಟ್ಟಿದ್ರಿಂದ ನಮ್ಮಂಥೋರಿಗೆ ಒಂದು ದಾರಿ ಆಗಿದೆ. ಹಂಗಂತ ಪ್ರತಿ ಸಲ ನಡುರಾತ್ರಿ ಅಲ್ಲಿಗೇ ಓಡಬೇಕಾ, ದುರ್ಗದಲ್ಲಿ ಸರ್ಕಾರ ಅನ್ನೋದು ಇಲ್ವಾ?

ಅಧಿಕಾರಿಗಳ ವಿಷಯ ಎತ್ತಿದ್ರೆ ಒಂದಾ ಎರಡಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಅಂಗವಿಕಲತೆಗಳ ಪಟ್ಟೀಲಿ ಹಿಮೋಫಿಲಿಯಾ ಸೇರಿದೆ. ಆದ್ರೂ ಸರ್ಟಿಫಿಕೇಟಿಗೆ ಹೋದ್ರೆ "ಕೈಕಾಲು ನೆಟ್ಟಗೈತಲ್ಲ" ಅಂತ ನಾಲ್ಕು ಸಲ ವಾಪಸ್ ಕಳಿಸಿದ್ರು. ನೆಟ್ಟಗಿರಲಿ ಅಂತಲೇ ತಾನೇ ನಾವು ಒದ್ದಾಡ್ತಿರೋದು, ಡೊಂಕಾದ ಮೇಲೆ ಕೊಡ್ತೀರಾ? ಅಲ್ಲಿದ್ದ ಒಬ್ಬರಂತೂ ಕ್ಯೂನಲ್ಲಿ ಎಲ್ಲರೆದುರಿಗೆ "ಇದು ತಾಯಿ ಕಡೆಯಿಂದ ಬರೋದಲ್ವಾ" ಅಂತ ಕೇಳಿದ್ರು. ಆ ಮಾತು ಅತ್ತೆ ಮನೇಲಿ ದಿನಾ ಕೇಳ್ತೀನಿ, ಸರ್ಕಾರಿ ಆಫೀಸಲ್ಲೂ ಕೇಳಬೇಕಾ? ಮನೇಲಿ ಯಾರಿಗೂ ಇಲ್ಲದೇನೂ ಎಷ್ಟೋ ಮಕ್ಕಳಿಗೆ ಇದು ಬರುತ್ತೆ, ಅದನ್ನ ಮೊದಲು ಓದ್ಕೊಳ್ಳಿ.

ಫ್ರಿಜ್ ಕೀ ರಾತ್ರಿ ಡ್ಯೂಟಿ ಸಿಸ್ಟರ್ ಕೈಲಿರಬೇಕು. ಇಲ್ಲಾ ಅಂದ್ರೆ ಎರಡು ವಯಲ್ ನಮ್ಮ ಕೈಗೇ ಕೊಡಿ, ನಮ್ಮನೇಲೂ ಫ್ರಿಜ್ ಇದೆ, 2ರಿಂದ 8 ಡಿಗ್ರೀಲಿ ಇಡೋದು ನನಗೂ ಗೊತ್ತು, ನರಕ್ಕೆ ಹಾಕೋದನ್ನೂ ಕಲೀತೀನಿ. ಆ ಹಂಪುಗಳನ್ನೂ ಕೀಳಿಸಿ. ಕೊರತೆ ಇಲ್ಲ ಅಂತ ಹೇಳಿಕೆ ಕೊಟ್ಟೋರು ಒಂದು ರಾತ್ರಿ ನಮ್ಮನೆಗೆ ಬಂದು ಆ ಮಂಡಿ ಮುಟ್ಟಿ ನೋಡ್ಲಿ, ಹೆತ್ತೋರೇ ಅಲ್ವಾ ಅವರೂ, ನಾಚಿಕೆ ಆಗಬೇಕು.

— ನೊಂದ ತಾಯಿ, ಚಿತ್ರದುರ್ಗ