ಸೋತ ಪಂದ್ಯಕ್ಕೂ ಪೂರ್ತಿ ವರದಿ ಕೊಡಿ

ಮಾನ್ಯ ಸಂಪಾದಕರಿಗೆ ವಂದನೆಗಳು.

2025ರ ಅಕ್ಟೋಬರ್ 15ರ ನಿಮ್ಮ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದಿತ್ತು. ಗೋವಾದ ಮಡಗಾಂವ್‌ನಲ್ಲಿ ಭಾರತ ಫುಟ್‌ಬಾಲ್ ತಂಡ ಸಿಂಗಪುರಕ್ಕೆ 1–2ರಿಂದ ಸೋತು, 2027ರ ಏಷ್ಯಾ ಕಪ್‌ಗೆ ಹೋಗುವ ದಾರಿಯನ್ನು ಕಳೆದುಕೊಂಡಿತು ಎಂಬುದಷ್ಟೇ ಅದರಲ್ಲಿದ್ದದ್ದು. ಆ ಪಂದ್ಯವನ್ನು ಕಣ್ಣಾರೆ ಕಂಡು, ರಾತ್ರಿಯಿಡೀ ರೈಲಿನಲ್ಲಿ ಕುಳಿತೇ ಬಂದು, ಮಂಗಳೂರಿನಲ್ಲಿ ಬಸ್ಸಿಗೆ ಕಾಯುತ್ತಾ ನಾನು ಆ ಸಾಲುಗಳನ್ನು ಓದಿದೆ. ಪುಟ ಮಗುಚಿ ಮತ್ತೆ ಹುಡುಕಿದೆ. ಬೇರೇನೂ ಇರಲಿಲ್ಲ.

ನಾನು ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಚೆಕ್‌ರೋಲ್ (ಆಳುಗಳ ಕೂಲಿ ಲೆಕ್ಕದ ಪುಸ್ತಕ), ವಾರಕ್ಕೊಮ್ಮೆ ಬಟವಾಡೆ. ಅರೇಬಿಕಾ ಹಣ್ಣಾಗಲು ಶುರುವಾದರೆ ರಜೆ ಎಂಬ ಮಾತೇ ಇಲ್ಲ. ಅದಕ್ಕೂ ಮೊದಲು ಮೂರು ದಿನ ಕೇಳಿದ್ದೆ. ಕಾವೇರಿ ಸಂಕ್ರಮಣದೊಳಗೆ ಬಂದುಬಿಡಿ ಎಂದು ಮಾಲೀಕರು ಒಪ್ಪಿದರು. ಜೊತೆಗೆ ಬಂದವನು ಅಕ್ಕನ ಮಗ. ಪಿಯುಸಿ ಓದುತ್ತಾನೆ, ಊರಿನ ಫುಟ್‌ಬಾಲ್ ತಂಡದಲ್ಲಿ ರೈಟ್ ಬ್ಯಾಕ್, ಅಂದರೆ ಬಲಬದಿಯ ರಕ್ಷಣೆಯಲ್ಲಿ ಆಡುತ್ತಾನೆ. ಸೋಮವಾರ ನಸುಕಿನಲ್ಲಿ ಹೊರಟು, ಮಡಿಕೇರಿಯಲ್ಲಿ ಬಸ್ಸು ಬದಲಿಸಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು ಸೇರಿದೆವು. ಅಲ್ಲಿಂದ ಮತ್ಸ್ಯಗಂಧಾ ರೈಲು. ಅಕ್ಕ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಉಡುಪಿ ಬರುವ ಮೊದಲೇ ಮುಗಿದವು.

ಅಷ್ಟು ದೂರ ಹೋಗಲು ಕಾರಣವಿತ್ತು. ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ, ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದೊಂದಿಗೆ ಗೋಲಿಲ್ಲದ ಡ್ರಾ, ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಪಂದ್ಯ ಮುಗಿಯುವ ಹೊತ್ತಿನ ಪೆನಾಲ್ಟಿಯಿಂದ 0–1ರ ಸೋಲು. ಆದರೆ ಖಾಲಿದ್ ಜಮೀಲ್ ಕೋಚ್ ಆಗಿ ಬಂದ ಮೇಲೆ, ಸೆಪ್ಟೆಂಬರ್‌ನಲ್ಲಿ ಬೇರೊಂದು ಪಂದ್ಯಾವಳಿಯಲ್ಲಿ ನಮ್ಮವರು ಒಮಾನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿದ್ದರು. ಅಕ್ಟೋಬರ್ 9ರಂದು ಸಿಂಗಪುರದಲ್ಲಿ ನಮ್ಮ ರಕ್ಷಣಾ ಆಟಗಾರ ಸಂದೇಶ್ ಜಿಂಗನ್ ಕೆಂಪು ಕಾರ್ಡ್ ಪಡೆದು ಹೊರನಡೆದರೂ, ಹತ್ತೇ ಮಂದಿ ಆಡಿ, 90ನೇ ನಿಮಿಷದಲ್ಲಿ ರಹೀಂ ಅಲಿ ಹೊಡೆದ ಗೋಲಿನಿಂದ 1–1 ಮಾಡಿಕೊಂಡು ಬಂದಿದ್ದರು. ಆ ರಾತ್ರಿ ತೋಟದ ಕಾಫಿ ಕಣದಲ್ಲಿ ನಿಂತು ಮೊಬೈಲ್‌ನಲ್ಲಿ ಆ ಗೋಲು ಕಂಡವರು ನಾವು. ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುತ್ತದೆ. ಮುಂದಿನ ಪಂದ್ಯಕ್ಕೆ ಹೋಗದೆ ಇರುವುದು ಹೇಗೆ?

ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ನಮಗೆ ಸಿಕ್ಕಿದ್ದು ಗೋಲುಕಂಬದ ಹಿಂದಿನ ಆಸನ. 14ನೇ ನಿಮಿಷದಲ್ಲಿ ನಮ್ಮ ತಂಡದ ಛಾಂಗ್ಟೆ ದೂರದಿಂದ ಬಾರಿಸಿದ ಚೆಂಡು ನಮ್ಮ ಕಡೆಯ ಬಲೆಗೇ ಬಂದು ಬಿತ್ತು. ಹುಡುಗ ನನ್ನನ್ನು ಎತ್ತಿ ಹಿಡಿದುಬಿಟ್ಟ. ಮುಂದಿನ ಅರ್ಧ ಗಂಟೆಯಷ್ಟು ಸಂತೋಷವನ್ನು ನಾನು ಇತ್ತೀಚೆಗೆ ಕಂಡಿಲ್ಲ. ವಿರಾಮಕ್ಕೆ ಒಂದೇ ನಿಮಿಷ ಇದ್ದಾಗ, 44ನೇ ನಿಮಿಷದಲ್ಲಿ, ಆ ತುದಿಯಲ್ಲಿ ಸಿಂಗಪುರದ ಸಾಂಗ್ ಉಯಿ ಯಂಗ್ ಸಮ ಮಾಡಿದ. ದೂರವಾದ್ದರಿಂದ ಅವನು ಹೇಗೆ ಕಾವಲು ತಪ್ಪಿಸಿಕೊಂಡ, ಅವನ ಮೇಲೆ ಯಾರು ಕಣ್ಣಿಡಬೇಕಿತ್ತು ಎಂಬುದು ತಿಳಿಯಲಿಲ್ಲ. 58ನೇ ನಿಮಿಷದಲ್ಲಿ ಅವನದೇ ಎರಡನೆಯ ಗೋಲು. ಇದು ನಮ್ಮ ಕಣ್ಣೆದುರೇ ಆಯಿತು. ಎದುರೇ ಆದರೂ ನನಗೆ ನೆನಪಿರುವುದು ಬಲೆಯೊಳಗಿನ ಚೆಂಡು ಮಾತ್ರ. ಉಳಿದ ಅರ್ಧ ಗಂಟೆಗೂ ಹೆಚ್ಚು ಹೊತ್ತು ಪ್ರತಿ ಕಾರ್ನರ್‌ಗೂ ಎದ್ದು ನಿಂತೆವು, ಪ್ರತಿ ಸಲವೂ ಕುಳಿತೆವು.

ರೈಲಿನಲ್ಲಿ ಹುಡುಗ ಟಿಕೆಟ್‌ನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದ. “ಮಾವ, ನಮಗೆ ನಾಲ್ಕು ಪಂದ್ಯಗಳಿಂದ ಎರಡು ಅಂಕ. ಇನ್ನೆರಡು ಗೆದ್ದರೆ ಎಂಟು. ಸಿಂಗಪುರಕ್ಕೂ ಹಾಂಗ್‌ಕಾಂಗ್‌ಗೂ ಈಗ ಎಂಟೇ ಇರುವುದು” ಎಂದ. ಅವೆರಡೂ ಇನ್ನೂ ಪರಸ್ಪರ ಆಡಬೇಕು, ಡ್ರಾ ಆದರೂ ಇಬ್ಬರಿಗೂ ಒಂಬತ್ತಾಗುತ್ತದೆ, ಗುಂಪಿನಿಂದ ಮುಂದೆ ಹೋಗುವುದು ಒಂದೇ ತಂಡ ಎಂದು ನಾನೇ ಹೇಳಬೇಕಾಯಿತು. ಅವನು ಟಿಕೆಟನ್ನು ಮಡಚಿ ಜೇಬಿಗಿಟ್ಟ. ಕಾರವಾರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: “ಮೊದಲನೆಯ ಗೋಲಿನಲ್ಲಿ ಎಡವಿದ್ದು ಎಲ್ಲಿ? ನಾಳೆ ಪೇಪರಿನಲ್ಲಿ ಬರುತ್ತದಲ್ಲ?” ಬರುತ್ತದೆ ಎಂದೆ.

ಪಂದ್ಯ ಮುಗಿದದ್ದು ರಾತ್ರಿ; ದೂರದ ಜಿಲ್ಲೆಗಳಿಗೆ ಹೋಗುವ ಪ್ರತಿಗಳು ಬೇಗ ಅಚ್ಚಾಗುತ್ತವೆ ಎಂಬುದು ನನಗೆ ಗೊತ್ತು. ಆದ್ದರಿಂದ 15ರ ನಾಲ್ಕು ಸಾಲಿಗೆ ನನ್ನ ತಕರಾರಿಲ್ಲ. 16ರಂದು ನೋಡಿದೆ, 17ರಂದು ನೋಡಿದೆ. ನಿನ್ನೆ ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯಲ್ಲಿ ಹಂಚಿ ಮುಗಿಸಿ ಮತ್ತೆ ನೋಡಿದೆ. ಆ ಪಂದ್ಯದ ಬಗ್ಗೆ ಮತ್ತೊಂದು ಅಕ್ಷರವಿಲ್ಲ. ಇದೇ ನನ್ನ ದೂರು.

ಕೊಡಗಿನವರಿಗೆ ಹಾಕಿ ಬಿಟ್ಟರೆ ಬೇರೆ ಆಟ ಬೇಡ ಎಂದು ನೀವು ಎಣಿಸಿರಬಹುದು. ಹಾಕಿಯ ಮೇಲೆ ನನಗೆ ಅಪಾರ ಗೌರವ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯ ಸುದ್ದಿ ಓದಿಯೇ ನಾನು ಕ್ರೀಡಾಪುಟದ ರುಚಿ ಹತ್ತಿಸಿಕೊಂಡವನು. ಈ ವರ್ಷ ಮಡಿಕೇರಿಯಲ್ಲಿ ಅದೇ ಪಂದ್ಯಾವಳಿ ಮುದ್ದಂಡ ಕಪ್ ಎಂಬ ಹೆಸರಿನಲ್ಲಿ ನಡೆದಾಗಲೂ ಮೊದಲ ಸುತ್ತಿನಲ್ಲೇ ಸೋತ ಕುಟುಂಬದ ಹೆಸರು, ಅವರ ಕಡೆಯಿಂದ ಗೋಲು ಹೊಡೆದವರು, ಎಷ್ಟನೇ ನಿಮಿಷ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದಿರಿ. ಸೋತವರ ಮನೆಯಲ್ಲಿ ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದನ್ನು ನಾನು ಬಲ್ಲೆ. ಆ ಮರ್ಯಾದೆಯನ್ನೇ ದೇಶದ ಫುಟ್‌ಬಾಲ್ ತಂಡಕ್ಕೂ ಕೊಡಿ ಎಂದು ಕೇಳುತ್ತಿದ್ದೇನೆ. ಸುಂಟಿಕೊಪ್ಪದಲ್ಲಿ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಮಳೆಗೆ ಕೊಡೆ ಹಿಡಿದು ನಿಂತು ನೋಡುವ ಜನರೂ ನಿಮ್ಮ ಓದುಗರೇ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು. 70ನೇ ನಿಮಿಷದಲ್ಲಿ ಸಮ ಮಾಡಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಗೆದ್ದಿತು. ನಾನು ಹುಟ್ಟುವ ಎಷ್ಟೋ ಮೊದಲಿನ ಆ ಸೋಲು ನನಗೆ ನಿಮಿಷ ನಿಮಿಷವೂ ಗೊತ್ತು, ಏಕೆಂದರೆ ಅದನ್ನು ಯಾರೋ ಕುಳಿತು ಬರೆದಿಟ್ಟರು. ಮೊನ್ನೆಯ ಪಂದ್ಯವೂ 1–2. ಅಲ್ಲೇ ಕುಳಿತಿದ್ದ ನನಗೇ ಅದು ಪೂರ್ತಿ ತಿಳಿದಿಲ್ಲ.

ಬರೆಯಲು ವಿಷಯವಿಲ್ಲವೇ? ಜಿಂಗನ್ ಇಲ್ಲದ ರಕ್ಷಣಾ ಸಾಲು ಹೇಗಿತ್ತು? ಒಪ್ಪಂದದ ತೊಡಕಿನಿಂದ, ದೇಶದ ಪ್ರಮುಖ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ ಆ ಪಂದ್ಯದ ಹೊತ್ತಿಗೆ ಶುರುವೇ ಆಗಿರಲಿಲ್ಲ. ಲೀಗ್ ಪಂದ್ಯಗಳಿಲ್ಲದೆ ಬಂದ ಆಟಗಾರರು ದ್ವಿತೀಯಾರ್ಧದಲ್ಲಿ ದಣಿದರೇ? ಕಳೆದ ವರ್ಷ ಜೂನ್‌ನಲ್ಲಿ ವಿದಾಯ ಹೇಳಿದ ಮಾಜಿ ನಾಯಕ ಸುನಿಲ್ ಛೆಟ್ರಿ ಈ ಮಾರ್ಚ್‌ನಲ್ಲಿ ಮರಳಿ ಬರಬೇಕಾಯಿತು. ಅವರ ಜಾಗಕ್ಕೆ ಒಬ್ಬನನ್ನು ಬೆಳೆಸಲು ಏಕೆ ಆಗಲಿಲ್ಲ? 2023ರ ಜುಲೈನಲ್ಲಿ ಫಿಫಾ ವಿಶ್ವ ಕ್ರಮಾಂಕ ಪಟ್ಟಿಯಲ್ಲಿ 99ನೇ ಸ್ಥಾನದಲ್ಲಿದ್ದ ತಂಡ ಎರಡು ವರ್ಷದಲ್ಲಿ ಇಷ್ಟು ಕುಸಿದದ್ದೇಕೆ? ಇವನ್ನೆಲ್ಲ ಬಲ್ಲವರಿಂದ ಕನ್ನಡದಲ್ಲಿ ಬರೆಸಿ. ಹುಡುಗರು ಈಗ ಮೊಬೈಲ್‌ನಲ್ಲಿ ಬೈಗುಳ ಓದುತ್ತಿದ್ದಾರೆ. ಬೈಗುಳದಿಂದ ಯಾವ ರೈಟ್ ಬ್ಯಾಕ್ ಏನು ಕಲಿತಾನು?

ನಮ್ಮ ಹುಡುಗ ಹಳೆಯ ಚೆಕ್‌ರೋಲ್ ಪುಸ್ತಕವೊಂದರಲ್ಲಿ ನಿಮ್ಮ ಪತ್ರಿಕೆಯ ವರದಿಗಳನ್ನು ಅಂಟಿಸುತ್ತಾನೆ. ಜುಲೈನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡ್‌ಗೆ ಹೋಗಿ, ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳಿಂದ ಅವರನ್ನೇ 2–1ರಿಂದ ಸೋಲಿಸಿ ಮಹಿಳಾ ಏಷ್ಯಾ ಕಪ್‌ಗೆ ಅರ್ಹತೆ ಪಡೆದ ಸುದ್ದಿಯೂ ಅದರಲ್ಲಿದೆ. ಅದರ ಮುಂದಿನ ಹಾಳೆಯಲ್ಲಿ “14 ಅಕ್ಟೋಬರ್, ಫತೋರ್ಡಾ” ಎಂದು ಬರೆದು ಜಾಗ ಬಿಟ್ಟಿದ್ದಾನೆ. ತಡವಾದರೂ ಚಿಂತೆಯಿಲ್ಲ, ಆ ಪಂದ್ಯದ ವರದಿಯನ್ನು ದಯವಿಟ್ಟು ಪ್ರಕಟಿಸಿ.

ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ ಪಂದ್ಯವಿದೆ. ಅರ್ಹತೆಯ ಮಟ್ಟಿಗೆ ಅದರಿಂದ ನಮಗೆ ಸಿಗುವುದೇನೂ ಇಲ್ಲ. ಆಗ ಕೊಯ್ಲಿನ ಕೆಲಸವೂ ಇರುತ್ತದೆ. ಆದರೂ ಆ ರಾತ್ರಿ ನಾವಿಬ್ಬರೂ ಕಣದಲ್ಲಿ ನಿಂತು ನೋಡುತ್ತೇವೆ. ಗೆಲ್ಲಲಿ, ಸೋಲಲಿ, 20ರ ಬೆಳಗಿನ ಪತ್ರಿಕೆಯಲ್ಲಿ ಅದಕ್ಕೆ ಎರಡು ಕಾಲಂ ಜಾಗ ಇಡಬೇಕೆಂದು ಈಗಲೇ ಕೇಳಿಕೊಳ್ಳುತ್ತೇನೆ.

ಇಂತಿ,
ತೋಟದ ರೈಟರ್, ನಿಮ್ಮ ಓದುಗ
ಸುಂಟಿಕೊಪ್ಪ, ಕೊಡಗು